ಬಿಕ್ಕಲಂ ಇಲ್ಲದ ಬಹಿರಂಗ ಪತ್ರ

ಬಂಗಾರಪೇಟೆ
14 ಜುಲೈ 2024, ಭಾನುವಾರ

ಮಗಳು ಶಶಿರೇಖಳಿಗೆ ಅಪ್ಪನ ಆಶೀರ್ವಾದ.

ನಾವಿಬ್ಬರೂ ಚೆನ್ನಾಗಿದ್ದೇವೆ. ನನ್ನ ಎಡಗಿವಿ ಮಾತ್ರ ಪೂರ್ತಿ ರಾಜೀನಾಮೆ ಕೊಟ್ಟಿದೆ, ಬಲಗಿವಿ ನೋಟೀಸು ಕೊಟ್ಟಿದೆ. ಫೋನಿನಲ್ಲಿ ನೀನು ‘ಊಟ ಆಯ್ತಾ’ ಎಂದರೆ ನನಗೆ ‘ಓಟ ಆಯ್ತಾ’ ಎಂದು ಕೇಳುತ್ತದೆ. ನಿಮ್ಮಮ್ಮ ನಡುವೆ ನಿಂತು ತರ್ಜುಮೆ ಮಾಡಿ ಸುಸ್ತಾಗಿದ್ದಾಳೆ. ಆದ್ದರಿಂದ ಕಾಗದ.

ಗುರುವಾರ ಬೆಳಿಗ್ಗೆ ನೋಂದಣಿ ಕಚೇರಿ ಎದುರಿನ ಹೊಂಗೆಮರದಡಿ ಮೇಜು ಹಾಕಿಕೊಂಡು ಕೂತಿದ್ದೆ. ಪಕ್ಕದ ಮೇಜಿನ ಸೀನಪ್ಪ ಗೊತ್ತಲ್ಲ, ನಲವತ್ತು ವರ್ಷದಿಂದ ನನ್ನ ಹಾಗೆಯೇ ಪತ್ರ ಬರಹಗಾರ, ನಲವತ್ತು ವರ್ಷದಿಂದ ನನ್ನ ಜತೆ ಜಗಳ. ಅವನು ಪೇಪರು ತಂದು ನನ್ನ ಮೂಗಿಗೆ ಹಿಡಿದ. “ಏನಯ್ಯಾ ಜಯರಾಮ, ಯೂನಿವರ್ಸಿಟಿ ಮೇಷ್ಟ್ರುಗಳೂ ಕ್ರಯಪತ್ರ ಬರೆಯೋಕೆ ಸುರು ಮಾಡವ್ರೆ. ನಮ್ಮ ಒಟ್ಟೆ ಮೇಲೆ ಒಡೀತಾರಲ್ಲಯ್ಯಾ!”

ನೋಡಿದರೆ ನಿಮ್ಮ ವಿಶ್ವವಿದ್ಯಾಲಯದ ನಲವತ್ತೊಂದು ಅಧ್ಯಾಪಕರ ಬಹಿರಂಗ ಪತ್ರ. “ನಾಡಿನ ಜನರಿಗೆ ನಾವು ಬರೆದುಕೊಟ್ಟ ಬಹಿರಂಗ ಪತ್ರದ ಕ್ರಮವೇನೆಂದರೆ” ಎಂದು ಶುರು. ಅಲ್ಲಿಗೇ ಕನ್ನಡಕ ಸರಿಮಾಡಿಕೊಂಡೆ. ಕೆಳಗೆ ಹೋದರೆ ವಿಶ್ವವಿದ್ಯಾಲಯಕ್ಕೆ ಚೆಕ್ಕುಬಂದಿ ಬೇರೆ! “ಪೂರ್ವಕ್ಕೆ ಗ್ರಂಥಾಲಯ, ಪಶ್ಚಿಮಕ್ಕೆ ತರಗತಿಯ ಕೊಠಡಿ, ದಕ್ಷಿಣಕ್ಕೆ ಅಧ್ಯಾಪಕರ ಆತ್ಮಸಾಕ್ಷಿ, ಉತ್ತರಕ್ಕೆ ವಿದ್ಯಾರ್ಥಿಯ ಪ್ರಶ್ನೆ. ಈ ಮಧ್ಯೆ ಇರುವ ಸ್ವತ್ತಿನಲ್ಲಿ ಹೊರಗಿನ ಯಾವ ಮುಖಂಡರಿಗೂ ಹಕ್ಕು ಬಾಧ್ಯತೆ ಇರುವುದಿಲ್ಲ.” ಉತ್ತರಕ್ಕೆ ಪ್ರಶ್ನೆ! ನಾನು ಗಟ್ಟಿಯಾಗಿ ನಕ್ಕುಬಿಟ್ಟೆ. ಏಳನೇ ವಯಸ್ಸಿನಲ್ಲಿ ನನ್ನ ಮೇಜಿನ ಪಕ್ಕ ಕೂತು, ಕಾರ್ಬನ್ ಹಾಳೆ ಹಿಡಿದುಕೊಂಡು, ‘ಅಪ್ಪ, ಉತ್ತರಕ್ಕೆ ಯಾರ ಮನೆ?’ ಎಂದು ಕೇಳುತ್ತಿದ್ದವಳು ಇಡೀ ನಾಡಿನಲ್ಲಿ ಒಬ್ಬಳೇ. ಬರೆದವಳು ನೀನು ಎಂದು ಯಾರೂ ಹೇಳಬೇಕಾಗಿಲ್ಲ.

ಸಹಿಗಳ ಪಟ್ಟಿಯಲ್ಲಿ ನಿನ್ನ ಹೆಸರಿಲ್ಲ. ಅದು ಸರಿಯೇ. ಬರೆದವರು ಕಕ್ಷಿದಾರರ ಸಾಲಿನಲ್ಲಿ ಸಹಿ ಹಾಕುವುದಿಲ್ಲ. ಕೆಳಗೆ ಎಡಗಡೆ ‘ಬಿಕ್ಕಲಂ’ ಎಂದು ಬರೆದು ತಮ್ಮ ಹೆಸರು ಹಾಕುತ್ತಾರೆ. ಈ ಅಕ್ಷರ ನನ್ನ ಕೈಯದು, ನಾಳೆ ಏನಾದರೂ ತಕರಾರು ಬಂದರೆ ನನ್ನನ್ನು ಕರೆದು ಕೇಳಿ ಎಂದು. ನಿನಗೆ ಅದನ್ನು ಕಲಿಸಿದವನೇ ನಾನು. ಆದರೆ ಪೇಪರಿನವರು ಆ ಸಾಲನ್ನೇ ನುಂಗಿಬಿಟ್ಟಿದ್ದಾರೆ! ಜಾಗ ಸಾಲಲಿಲ್ಲವೋ, ಈಗಿನ ಹುಡುಗರಿಗೆ ಅದರ ಅರ್ಥ ಗೊತ್ತಾಗಲಿಲ್ಲವೋ.

ನಾನು ಬಿಡುತ್ತೇನೆಯೇ? ಅಂದೇ ಸಂಪಾದಕರಿಗೆ ಬರೆದು ಸ್ಪೀಡ್ ಪೋಸ್ಟ್ ಮಾಡಿದ್ದೇನೆ. “ಸದರಿ ಪತ್ರದಲ್ಲಿ ಬಿಕ್ಕಲಂ ಸಾಲು ಬಿಟ್ಟುಹೋಗಿರುತ್ತದೆ. ಬರೆದವಳು ನನ್ನ ಮಗಳು ಶಶಿರೇಖ, ಸಹಾಯಕ ಪ್ರಾಧ್ಯಾಪಕಿ. ತಿದ್ದುಪಡಿ ಪ್ರಕಟಿಸಬೇಕಾಗಿ ಕೋರಿಕೆ.” ನಿನ್ನ ಫೋನ್ ನಂಬರನ್ನೂ ಹಾಕಿದ್ದೇನೆ, ಖಾತ್ರಿ ಮಾಡಿಕೊಳ್ಳಲಿ.

ಸೀನಪ್ಪನಿಗೆ ಇವತ್ತು ಪಾನಿಪುರಿ ಕೊಡಿಸಿದೆ. ಹೆತ್ತವರಿಗೆ ಹೆಗ್ಗಣ ಮುದ್ದು ಅಂದ. ಅಂದುಕೊಳ್ಳಲಿ ಬಿಡು.

ನಿನ್ನ ಅಪ್ಪ,
ಜಯರಾಮಪ್ಪ


ವಿಶ್ವವಿದ್ಯಾಲಯದ ವಸತಿಗೃಹ
23 ಜುಲೈ 2024

ಅಪ್ಪನಿಗೆ ನಮಸ್ಕಾರಗಳು.

ಬಿಕ್ಕಲಂ ಬಿಟ್ಟುಹೋದದ್ದಲ್ಲ ಅಪ್ಪ. ನಾನೇ ಹಾಕಲಿಲ್ಲ.

ಮೊದಲಿನಿಂದ ಹೇಳುತ್ತೇನೆ. ಕೆ.ಜಿ.ಎಫ್. ಕೋರಮಂಡಲಿನ ಗಣಿ ಲೈನ್ ಮನೆಯ ಸುಮಿತಾ ನಿಮಗೆ ನೆನಪಿರಬೇಕು, ಕುಪ್ಪುಸ್ವಾಮಿಯವರ ಮಗಳು. ಗಣಿ ಮುಚ್ಚಿದ ಮೇಲೂ ಅವೇ ಮನೆಗಳಲ್ಲಿ ಉಳಿದಿರುವವರ ಹಕ್ಕಿನ ಬಗ್ಗೆ ಪಿಎಚ್‌ಡಿ ಮಾಡುತ್ತಿದ್ದಳು. ವಿಷಯ ಆರಿಸಿಕೊಟ್ಟವಳು ನಾನು, ನಮ್ಮ ವಿಭಾಗಕ್ಕೆ ಕರೆದು ತಂದವಳೂ ನಾನು. ಆ ಜಾಗದ ಮೇಲೆ ಕಣ್ಣಿಟ್ಟ ಮುಖಂಡರೊಬ್ಬರು ಕುಲಪತಿಗಳಿಗೆ ಫೋನು ಮಾಡಿ ಆ ವಿಷಯ ತೆಗೆಸಿ ಎಂದರಂತೆ. ಮರುವಾರವೇ ಸುಮಿತಾಳ ವಿಷಯ ರದ್ದಾಯಿತು. ಕಾರಣ ಕೇಳಿದರೆ ‘ಮೇಲಿನಿಂದ ಮೌಖಿಕ ಸೂಚನೆ’. ಒಂದು ಚೀಟಿಯೂ ಇಲ್ಲ. ಮಗು ನನ್ನ ಕೊಠಡಿಗೆ ಬಂದು, “ಮೇಡಂ, ನಾನು ಏನು ತಪ್ಪು ಬರೆದೆ?” ಎಂದು ಕೇಳಿದಳು. ನನಗೆ ತಡೆಯಲಾಗಲಿಲ್ಲ. ಎರಡು ಮಧ್ಯಾಹ್ನ ಕೂತು ಆ ಪತ್ರ ಬರೆದೆ. ವಿಭಾಗದ ಮುಖ್ಯಸ್ಥರು ಓದಿ ಕಣ್ಣೊರೆಸಿಕೊಂಡರು. ಆಮೇಲೆ ಹೇಳಿದರು, “ನಾವೆಲ್ಲ ಕಾಯಂ ಆದವರು, ನಾವು ಸಹಿ ಹಾಕುತ್ತೇವೆ. ನೀನು ಪ್ರೊಬೇಷನ್‌ನಲ್ಲಿ ಇದ್ದೀಯೆ. ಅದು ಮುಗಿಯುವ ಡಿಸೆಂಬರ್ ಹನ್ನೆರಡರ ತನಕ ನಿನ್ನ ಹೆಸರು ಎಲ್ಲೂ ಬರಬಾರದು.”

ಹನ್ನೊಂದು ವರ್ಷ ಅತಿಥಿ ಉಪನ್ಯಾಸಕಿಯಾಗಿದ್ದೆ ಅಪ್ಪ. ಪ್ರತಿ ಜೂನ್‌ನಲ್ಲೂ ಈ ವರ್ಷ ಕರೆಯುತ್ತಾರೋ ಇಲ್ಲವೋ ಎಂದು ಫೋನು ನೋಡುತ್ತಾ ಕೂತವಳು. ನನಗೀಗ ಮೂವತ್ತೊಂಬತ್ತು. ಈ ಕೆಲಸ ಹೋದರೆ ಇನ್ನೊಂದು ಸಿಗುವ ವಯಸ್ಸಲ್ಲ.

ಪತ್ರ ಬಂದ ಮಾರನೆಯ ದಿನವೇ ಆ ಮುಖಂಡರ ಕಡೆಯವರು ಗೇಟಿನ ಮುಂದೆ ಬಂದು ಕೂಗಾಡಿದರು. ಪತ್ರದಲ್ಲಿ ಅವರ ಹೆಸರೇ ಇರಲಿಲ್ಲ! ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ಕುಲಪತಿಗಳು ಈಗ ಬರೆದವರು ಯಾರೆಂದು ಹುಡುಕಲು ಸಮಿತಿ ಮಾಡಿದ್ದಾರೆ.

ಪತ್ರಿಕೆಯವರು ನನಗೆ ಫೋನು ಮಾಡಿದ್ದರು. ಏನೋ ಒಂದು ಹೇಳಿ ಮುಗಿಸಿದ್ದೇನೆ. ನೀವು ಇನ್ನು ಯಾರಿಗೂ ಬರೆಯಬೇಡಿ, ಯಾರ ಹತ್ತಿರವೂ ಹೇಳಬೇಡಿ. ನಿಮ್ಮ ಕಾಲು ಹಿಡಿದು ಕೇಳುತ್ತೇನೆ.

ಅಮ್ಮನಿಗೆ ಮಂಡಿಯ ಎಣ್ಣೆ ಕಳಿಸಿದ್ದೇನೆ. ಬಿಸಿ ಮಾಡಿ ಹಚ್ಚಿಕೊಳ್ಳಬೇಕು.

ನಿಮ್ಮ
ಶಶಿ


ಬಂಗಾರಪೇಟೆ
6 ಆಗಸ್ಟ್ 2024

ಬಂಗಾರಪೇಟೆ ಟೌನ್ ವಾಸಿ, ದಿವಂಗತ ಚಿಕ್ಕಮುನಿಯಪ್ಪನವರ ಮಗ, ಎಪ್ಪತ್ತೊಂದು ವರ್ಷ ವಯಸ್ಸಿನ ಜಯರಾಮಪ್ಪನಾದ ನಾನು ಮಗಳು ಶಶಿರೇಖಳಿಗೆ ಬರೆದ ಕಾಗದದ ಕ್ರಮವೇನೆಂದರೆ,

ಪತ್ರಿಕಾ ಕಚೇರಿಯಿಂದ ನನಗೆ ಉತ್ತರ ಬಂದಿರುತ್ತದೆ. ಮರ್ಯಾದಸ್ಥರು, ಚೆನ್ನಾಗಿ ಬರೆದಿದ್ದಾರೆ. “ತಮ್ಮ ಪುತ್ರಿಯವರನ್ನು ವಿಚಾರಿಸಲಾಗಿ, ಸದರಿ ಪತ್ರಕ್ಕೂ ಅವರಿಗೂ ಸಂಬಂಧವಿಲ್ಲವೆಂದೂ, ತಂದೆಯವರಿಗೆ ವಯಸ್ಸಾದ ಕಾರಣ ಬುದ್ಧಿ ಸ್ವಲ್ಪ ಸ್ಥಿಮಿತದಲ್ಲಿಲ್ಲವೆಂದೂ ತಿಳಿಸಿರುತ್ತಾರೆ. ತಮ್ಮ ಆರೋಗ್ಯ ಸುಧಾರಿಸಲೆಂದು ಹಾರೈಸುತ್ತೇವೆ.”

ನಿಮ್ಮಮ್ಮನಿಗೆ ಓದು ಬರುವುದಿಲ್ಲ, ಅದು ಒಳ್ಳೆಯದಾಯಿತು ಎಂದುಕೊಂಡೆ. ಆದರೆ ಆ ದಿನ ಕನ್ನಡಕ ಮನೆಯಲ್ಲಿ ಮರೆತಿದ್ದೆ, ಸೀನಪ್ಪನ ಕೈಲಿ ಓದಿಸಿದೆ. ಕಿವುಡನಿಗೆ ಕೇಳಲೆಂದು ಅವನು ಗಟ್ಟಿಯಾಗಿ ಓದಿದ. ಹೊಂಗೆಮರದಡಿ ಇದ್ದವರೆಲ್ಲ ಕೇಳಿಸಿಕೊಂಡರು.

ನಲವತ್ತು ವರ್ಷ ಈ ತಾಲೂಕಿನ ಜನ ‘ಸ್ವಸ್ಥಚಿತ್ತದಿಂದ, ಯಾರ ಬಲವಂತವೂ ಇಲ್ಲದೆ’ ಬರೆಸಿದ್ದಾರೆಂದು ಬರೆದುಕೊಟ್ಟವನು ನಾನು. ನನ್ನ ಚಿತ್ತದ ಬಗ್ಗೆ ಬರೆಸುವುದಕ್ಕೆ ನೀನೇ ಆಗಬೇಕಾಯಿತೇ ಮಗಳೇ?

ಹೆದರಿದೆ ಎಂದು ಹೇಳಿದ್ದರೆ ನನಗೆ ಅರ್ಥವಾಗುತ್ತಿತ್ತು. ಹೆದರಿಕೆ ಯಾರಿಗಿಲ್ಲ.

ಇದಕ್ಕೆ ಉತ್ತರ ಬೇಡ.

ಬಿಕ್ಕಲಂ:
ಜಯರಾಮಪ್ಪ


ವಿಶ್ವವಿದ್ಯಾಲಯದ ವಸತಿಗೃಹ
12 ಆಗಸ್ಟ್ 2024

ಅಪ್ಪ,

ಬೇಡವೆಂದರೂ ಬರೆಯುತ್ತಿದ್ದೇನೆ.

ಆ ಫೋನು ಬಂದಾಗ ನಾನು ಸ್ಟಾಫ್ ರೂಮಿನಲ್ಲಿದ್ದೆ, ಸುತ್ತ ಜನ ಇದ್ದರು. “ನಿಮ್ಮ ತಂದೆಯವರು ಹೀಗೆ ಬರೆದಿದ್ದಾರೆ, ನಿಜವೇ?” ಎಂದರು. ಇಲ್ಲ ಎಂದೆ. “ಹಾಗಾದರೆ ಅವರೇಕೆ ಬರೆದರು?” ಎಂದರು. ಬಾಯಿಗೆ ಬಂದದ್ದು ಅದು. ಫೋನು ಇಟ್ಟ ಮೇಲೆ ಕೈ ತೊಳೆದುಕೊಂಡು ಬಂದೆ. ಯಾಕೆಂದು ಗೊತ್ತಿಲ್ಲ, ಕೈಯೇನೂ ಕೊಳೆಯಾಗಿರಲಿಲ್ಲ.

ತಪ್ಪಾಯಿತು. ಇದಕ್ಕಿಂತ ದೊಡ್ಡ ಮಾತು ನನ್ನ ಬಳಿ ಇಲ್ಲ.

ಶಶಿ


ವಿಶ್ವವಿದ್ಯಾಲಯದ ವಸತಿಗೃಹ
4 ಅಕ್ಟೋಬರ್ 2024

ಅಪ್ಪನಿಗೆ,

ಎರಡು ತಿಂಗಳಾಯಿತು. ಪ್ರತಿದಿನ ಮೂರು ಗಂಟೆಗೆ ಟಪಾಲು ಬಂದಿತೇ ಎಂದು ಕಚೇರಿಯಲ್ಲಿ ಕೇಳುತ್ತೇನೆ. ಗುಮಾಸ್ತರು ನಾನು ಬರುವುದನ್ನು ಕಂಡ ಕೂಡಲೇ ತಲೆಯಾಡಿಸಿಬಿಡುತ್ತಾರೆ. ಅಮ್ಮನಿಗೆ ಫೋನು ಮಾಡಿದರೆ ‘ಚೆನ್ನಾಗವ್ರೆ, ಪೇಟೆಗೆ ಓಗವ್ರೆ’ ಎನ್ನುತ್ತಾಳೆ. ಬೆಳಿಗ್ಗೆ ಏಳಕ್ಕೆ ಮಾಡಿದರೂ ಪೇಟೆಗೇ ಹೋಗಿರುತ್ತೀರಿ!

ಇಲ್ಲಿ ಇನ್ನೊಂದಾಗಿದೆ. ನಿಮಗಲ್ಲದೆ ಯಾರಿಗೂ ಹೇಳುವಂತಿಲ್ಲ.

ಸಮಿತಿಯವರು ಪತ್ರದ ಭಾಷೆಯನ್ನೇ ಸಾಕ್ಷ್ಯ ಮಾಡಿಕೊಂಡರು. ಚೆಕ್ಕುಬಂದಿ, ಸದರಿ ಸ್ವತ್ತು, ಹಕ್ಕು ಬಾಧ್ಯತೆ ಎಂದೆಲ್ಲ ಬರೆಯುವವರು ಯಾರೆಂದು ಹುಡುಕಿದರು. ನಮ್ಮ ವಿಭಾಗದಲ್ಲಿ ಕಾಂತರಾಜ್ ಎಂಬ ಅತಿಥಿ ಉಪನ್ಯಾಸಕರಿದ್ದಾರೆ. ಅವರ ತಂದೆ ಗ್ರಾಮಲೆಕ್ಕಿಗರಾಗಿದ್ದವರು. ಅಷ್ಟೇ ಸಾಕಾಯಿತು. ಪಹಣಿ, ಚೆಕ್ಕುಬಂದಿಗಳ ಮನೆಯಲ್ಲಿ ಬೆಳೆದವರು, ಇವರೇ ಬರೆದದ್ದು ಎಂದು ತೀರ್ಮಾನ. ಮೂರು ಸಲ ಕರೆದು ಕೇಳಿದ್ದಾರೆ. ಈ ತಿಂಗಳಿನಿಂದ ಅವರಿಗೆ ತರಗತಿ ಇಲ್ಲ. ಆದೇಶವೂ ಇಲ್ಲ, ಎಂದಿನಂತೆ ಬಾಯಿಮಾತು. ವೇಳಾಪಟ್ಟಿಯಲ್ಲಿ ಅವರ ಹೆಸರಿದ್ದ ಜಾಗದಲ್ಲಿ ಬಿಳಿ ಬಣ್ಣ ಬಳಿದಿದ್ದಾರೆ.

ನಿನ್ನೆ ಅವರು ತಮ್ಮ ಪುಸ್ತಕಗಳನ್ನು ಸ್ಕೂಟರಿನ ಮುಂದಕ್ಕೆ ಕಟ್ಟಿಕೊಳ್ಳುತ್ತಿದ್ದರು. ನಾನು ಹಗ್ಗ ಹಿಡಿದುಕೊಂಡೆ. “ಥ್ಯಾಂಕ್ಸ್ ಮೇಡಂ” ಎಂದರು. ಅಷ್ಟೇ ಮಾತು.

ಏನು ಮಾಡಲಿ ಅಪ್ಪ? ಇದನ್ನು ಕೇಳುವುದಕ್ಕೆ ನನಗೆ ಮುಖವಿಲ್ಲ, ಆದರೂ ಕೇಳುತ್ತಿದ್ದೇನೆ. ಡಿಸೆಂಬರ್ ಹನ್ನೆರಡಕ್ಕೆ ಇನ್ನು ಅರವತ್ತೊಂಬತ್ತು ದಿನ.

ಶಶಿ


ಬಂಗಾರಪೇಟೆ
10 ನವೆಂಬರ್ 2024

ಶಶೀ,

ನಿಮ್ಮಪ್ಪ ಬರೆಯಲ್ಲ ಅಂತವ್ರೆ, ಅದಕ್ಕೆ ನಾನೇ ಬರೆಸ್ತಾ ಇದೀನಿ. ನಾನು ಯೋಳಿದ್ದು ಯೋಳ್ದಂಗೇ ಬರಿ, ನಿನ್ ಇಸ್ಕೂಲ್ ಭಾಷೆ ಆಕ್ಬೇಡ ಅಂತ ಈ ಉಡುಗೀಗೆ ಯೋಳಿದೀನಿ. ಬರೀತಾ ಇರೋಳು ಯಾರು ಗೊತ್ತಾ? ಸುಮಿತಾ. ಕೋರಮಂಡಲ್ ಕುಪ್ಪುಸ್ವಾಮಿ ಮಗಳು.

ನಿಮ್ಮಪ್ಪ ಪೇಟೆಗೆ ಓಗೋದೆಲ್ಲ ಸುಳ್ಳು ಕಣಮ್ಮ. ನೀನು ಫೋನ್ ಮಾಡ್ದಾಗ ಇಲ್ಲೇ ಅಜಾರದಾಗೆ ಕುಂತಿರ್ತಾರೆ, ಗೋಡೆ ನೋಡ್ಕೊಂಡು. ಮರದ ಕೆಳಕ್ಕೆ ಮೇಜು ಆಕ್ತಾರೆ, ಬರೆಯಾಕಿಲ್ಲ. ಯಾರಾನ ಬಂದ್ರೆ ‘ಸೀನಪ್ಪನತ್ರ ಓಗಿ’ ಅಂತಾರೆ. ಯಾಕ್ರೀ ಅಂದ್ರೆ, “ಬುದ್ದಿ ಸ್ತಿಮಿತ ಇಲ್ದೋನು ಬೇರೇರ ಬುದ್ದೀಗೆ ಸರ್ಟಿಫಿಕೇಟು ಎಂಗೆ ಕೊಡಾದು?” ಅಂತಾರೆ. ಸೀನಪ್ಪ ಪಾಪ, ಬಾಯಿಮಾತ್ಗೆ ಜಗಳ ಆಡೋನು, ಅವ್ನೇ ಬಂದು, “ಅಕ್ಕಾ, ನಾನ್ಯಾಕೆ ಅದುನ್ನ ಅಂಗೆ ಕೂಗಿ ಓದ್ದೆನೋ, ನನ್ ನಾಲ್ಗೆ ಬಿದ್ದೋಗ” ಅಂತ ಅತ್ತುಬುಟ್ಟ. ಆವಾಗ್ಲೇ ನಂಗೆ ಇಸ್ಯ ಗೊತ್ತಾಗಿದ್ದು.

ಇವ್ಳು ದಸರಾ ಆದ್ಮೇಲೆ ಬಂದ್ಳು. ಇಸ್ಯ ಯಾಕೆ ತೆಗುದ್ರಿ ಅಂತ ಬರವಣಿಗೇಲಿ ಕೊಡಿ ಅಂತ ಒಂದು ಮಾಯಿತಿ ಅಕ್ಕಿನ ಅರ್ಜಿ ಬರೆಸ್ಬೇಕಂತೆ. ನಿಮ್ಮಪ್ಪ ಬರೆಯಲ್ಲ ಅಂದ್ರು. ಇವ್ಳೂ ಏಳ್ಲಿಲ್ಲ, ಅಲ್ಲೇ ಕುಂತ್ಳು. ಕೊನೇಗೆ, “ನೀನೇ ಬರಿ, ನಾನು ಯೋಳ್ಕೊಡ್ತೀನಿ” ಅಂದ್ರು. ಈಗ ದಿನಾ ಬತ್ತಾಳೆ, ಜನಕ್ಕೆ ಅರ್ಜಿ ಬರೆದ್ಕೊಡ್ತಾಳೆ. ತಮಿಳ್ನೋರು ಬಂದ್ರೆ ತಮಿಳಲ್ಲಿ ಕೇಳ್ಕೊಂಡು ಕನ್ನಡದಲ್ಲಿ ಬರೀತಾಳೆ. ನಿಮ್ಮಪ್ಪ ಪಕ್ಕದಾಗೆ ಕುಂತು ಕಾಗುಣಿತ ತಿದ್ತಾರೆ.

ಪೇಪರ್ನೋರ್ಗೆ ನೀನು ಅಂಗಂದಿದ್ದು ಇವ್ಳಿಗೆ ಗೊತ್ತು. ನಾನೇ ಯೋಳ್ದೆ. ತಲೆ ಬಗ್ಗಿಸ್ಕೊಂಡು ಬರೀತಾ ಅವ್ಳೆ ನೋಡು, ಈಗ್ಲೂವೆ. ನಂಗೇ ನಾಚ್ಕೆ ಆಯ್ತದೆ.

ನೀನು ಆ ಮೇಷ್ಟ್ರುದು ಬರೆದಿದ್ಯಲ್ಲ ಕಾಗದ, ಅದುನ್ನ ನಿಮ್ಮಪ್ಪ ಓದವ್ರೆ. ಮಡಚಿ ಜೇಬಲ್ಲಿ ಇಟ್ಕೊಂಡವ್ರೆ.

ನಾನು ಎಬ್ಬೆಟ್ಟು ಕಣಮ್ಮ. ಕಾನೂನು ಗೊತ್ತಿಲ್ಲ. ಒಂದು ಗೊತ್ತು. ಎಬ್ಬೆಟ್ಟು ಒತ್ತೋರು ಅಕ್ಸರ ನೋಡಿ ಒತ್ತಾಕಿಲ್ಲ, ಬರೆದೋರ ಮಕ ನೋಡಿ ಒತ್ತೋದು. ನಿನ್ನ ನಲವತ್ತೊಂದು ಜನ ನಿನ್ ಮಕ ನೋಡಿ ಒತ್ತಿದ್ರು. ಆ ಮೇಷ್ಟ್ರು ಯಾರ್ ಮಕ ನೋಡ್ಬೇಕು ಈಗ?

ಕೆಲಸ ಬುಟ್ಟು ಬಾ ಅಂತ ನಾನು ಯೋಳಾಕಿಲ್ಲ. ನೀನು ಎಷ್ಟು ಕಷ್ಟ ಬಿದ್ದು ತಕ್ಕೊಂಡೆ ಅಂತ ನಂಗೊತ್ತು. ಅತ್ತಾಗೆ ತೂಗಿ ಇತ್ತಾಗೆ ತೂಗಿ ನೋಡು, ಅಷ್ಟೇಯ. ಅವರೆ ಊವು ಬಿಟ್ಟೈತೆ. ಕಾಯಿ ಬರೋ ಒತ್ಗೆ ಬಾ. ಇತಕಿದ ಬೇಳೆ ಸಾರು ಮಾಡ್ತೀನಿ.

ಅಮ್ಮಾಜಮ್ಮನ ಹೆಬ್ಬೆಟ್ಟಿನ ಗುರುತು

ಅವರು ಹೇಳಿದಂತೆ ಬರೆದು, ಓದಿ ಹೇಳಿದ್ದೇನೆ.
ಬಿಕ್ಕಲಂ: ಸುಮಿತಾ, ಕೋರಮಂಡಲ್, ಕೆ.ಜಿ.ಎಫ್.


ವಿಶ್ವವಿದ್ಯಾಲಯದ ವಸತಿಗೃಹ
28 ನವೆಂಬರ್ 2024

ಅಪ್ಪ,

ಅಮ್ಮನ ಕಾಗದದ ಕೊನೆಯ ಸಾಲನ್ನು ಎಷ್ಟು ಸಲ ಓದಿದೆನೋ. ಅಮ್ಮನ ಮಾತಿಗಿಂತ ಅದರ ಕೆಳಗಿನ ಆ ಒಂದು ಸಾಲು. ಮೂರು ವರ್ಷ ನಾನು ಆ ಮಗುವಿಗೆ ಪಾಠ ಮಾಡಿದೆ. ನನ್ನಿಂದಾಗದ್ದನ್ನು ಅದು ಮೂರು ವಾರದಲ್ಲಿ ನಿಮ್ಮ ಮೇಜಿನಲ್ಲಿ ಕಲಿತಿದೆ. ನನ್ನನ್ನು ಒಂದು ಮಾತೂ ಕೇಳದೆ, ತನ್ನ ಹೆಸರು ಬರೆದು, ಊರು ಬರೆದು ಕಳಿಸಿದೆ.

ಮೊದಲು ಕಾಂತರಾಜ್ ಮನೆಗೆ ಹೋದೆ. ಅವರ ಹೆಂಡತಿ ಬಾಗಿಲು ತೆಗೆದರು, ಒಳಗೆ ಟ್ಯೂಷನ್ ಮಕ್ಕಳ ಗಲಾಟೆ. ಹೊರಗೆ ಮೆಟ್ಟಿಲ ಮೇಲೆಯೇ ಕೂತು ಕಾಂತರಾಜ್ ಅವರಿಗೆ ಹೇಳಿದೆ, “ಆ ಪತ್ರ ಬರೆದವಳು ನಾನು.” “ನನಗೆ ಗೊತ್ತಿತ್ತು ಮೇಡಂ” ಎಂದರು. “ಮೊದಲ ದಿನದಿಂದ ಗೊತ್ತಿತ್ತು. ಸ್ಟಾಫ್ ರೂಮಿನಲ್ಲಿ ನೀವು ಕುರ್ಚಿಗೂ ಚೆಕ್ಕುಬಂದಿ ಹೇಳ್ತೀರಲ್ಲ.” ಮೂರು ಸಲ ಸಮಿತಿಯ ಮುಂದೆ ಕೂತು ಗೊತ್ತಿಲ್ಲ ಎಂದಿದ್ದರು ಅಪ್ಪ! ನಾನು ಅಲ್ಲೇ ಮುಖ ಮುಚ್ಚಿಕೊಂಡು ಅತ್ತೆ. ಒಳಗಿನಿಂದ ಮಕ್ಕಳು ಇಣುಕಿ ನೋಡುತ್ತಿದ್ದರು.

ಸೋಮವಾರ ಸಮಿತಿಯ ಕೊಠಡಿಗೆ ಹೋಗಿ ಹೇಳಿಕೆ ಕೊಟ್ಟೆ. ಅಧ್ಯಕ್ಷರು ಒಳ್ಳೆಯವರೇ. ಎರಡು ಸಲ ಹೇಳಿದರು, “ಯೋಚನೆ ಮಾಡಮ್ಮ, ಇನ್ನು ಹದಿನೇಳು ದಿನ ಇದೆ.” ಯೋಚಿಸಿದ್ದೇನೆ ಸಾರ್ ಎಂದೆ. ಒಬ್ಬ ಸದಸ್ಯರು ನನ್ನ ಹೇಳಿಕೆಯ ಕೊನೆಯ ಸಾಲಿನ ಮೇಲೆ ಬೆರಳಿಟ್ಟು ಕೇಳಿದರು, “ಬಿಕ್ಕಲಂ ಅಂದರೇನು? ಇದು ಯಾವ ಭಾಷೆ?” ಹೇಳಿದೆ. ನಮ್ಮ ಕಡೆ ಬರೆದವರು ಓಡಿಹೋಗಬಾರದು ಎಂದು ಹಾಕುವ ಸಾಲು ಸಾರ್. ಆದೇಶ ಕೊಟ್ಟವರು ಬರೆದುಕೊಡಲಿಲ್ಲ, ನಾನು ಬರೆದೂ ಹೆಸರು ಹಾಕಲಿಲ್ಲ, ಹಾಗಾದರೆ ನನಗೂ ಅವರಿಗೂ ಏನು ವ್ಯತ್ಯಾಸ ಎಂದೆ. ಈಗಲೂ ಹೆದರಿಕೆ ಇದೆ. ಅದನ್ನು ನಿಮಗೆ ಹೇಳದೆ ಮುಚ್ಚಿಡುವುದಿಲ್ಲ.

ಹೇಳಿಕೆಯ ಪ್ರತಿಯನ್ನು ಪತ್ರಿಕೆಗೂ ಕಳಿಸಿದ್ದೇನೆ. ನಿಮಗೆ ಒಂದು ಪ್ರತಿ ಇದರ ಜತೆ ಇಟ್ಟಿದ್ದೇನೆ.

“ದಿನಾಂಕ 11 ಜುಲೈ 2024ರಂದು ಪ್ರಕಟವಾದ ಬಹಿರಂಗ ಪತ್ರವನ್ನು ಬರೆದವಳು ನಾನು. ಶ್ರೀ ಕಾಂತರಾಜ್ ಅವರಿಗೂ ಅದರ ಬರವಣಿಗೆಗೂ ಸಂಬಂಧವಿಲ್ಲ. ಅದರಲ್ಲಿರುವ ಪ್ರತಿ ಮಾತಿಗೂ ನಾನು ಹೊಣೆ. ನನ್ನ ತಂದೆ ಜಯರಾಮಪ್ಪನವರು ಪತ್ರಿಕೆಗೆ ಬರೆದದ್ದು ಅಕ್ಷರಶಃ ಸತ್ಯ. ಅವರು ಅಂದೂ ಇಂದೂ ಸ್ವಸ್ಥಚಿತ್ತರು. ಸುಳ್ಳು ಹೇಳಿದವಳು ನಾನು. ಇದನ್ನು ಯಾರ ಬಲವಂತವೂ ಇಲ್ಲದೆ, ಓದಿ ತಿಳಿದು, ಒಪ್ಪಿ ಬರೆದಿದ್ದೇನೆ. ಬಿಕ್ಕಲಂ: ಶಶಿರೇಖ.”

ಕ್ಷಮಿಸಿ ಎಂದು ಮತ್ತೆ ಕೇಳುವುದಿಲ್ಲ. ಓದಿ ನೋಡಿ, ಕರಡಿನಲ್ಲಿ ತಪ್ಪಿದ್ದರೆ ಹೇಳಿ.

ನಿಮ್ಮ ಮಗಳು,
ಶಶಿರೇಖ


ಬಂಗಾರಪೇಟೆ
15 ಡಿಸೆಂಬರ್ 2024, ಭಾನುವಾರ

ಚಿರಂಜೀವಿ ಶಶಿಗೆ,

ತಪ್ಪಿದೆ. ಅದನ್ನು ಆಮೇಲೆ ಹೇಳುತ್ತೇನೆ.

ನೀನು ಫೋನು ಮಾಡಿದ್ದನ್ನು ನಿಮ್ಮಮ್ಮ ತರ್ಜುಮೆ ಮಾಡಿ ಹೇಳಿದಳು. ನಿನ್ನನ್ನು ಕಾಯಂ ಮಾಡದೆ ಇನ್ನೊಂದು ವರ್ಷ ಪ್ರೊಬೇಷನ್ ಮುಂದಕ್ಕೆ ಹಾಕಿದ್ದಾರೆ, ವಿಚಾರಣೆಯ ನೋಟೀಸು ಬೇರೆ ಕೊಟ್ಟಿದ್ದಾರೆ ಎಂದಳು. ನೋಟೀಸು ಬರವಣಿಗೆಯಲ್ಲಿ ಇದೆಯೇ ಎಂದು ಕೇಳಿದೆ. ಇದೆ, ಕೆಳಗೆ ಕುಲಪತಿಗಳ ಸಹಿಯೂ ಇದೆ ಎಂದಳು. ನೋಡು, ಅಷ್ಟು ತಿಂಗಳು ಫೋನಿನಲ್ಲೇ ರಾಜ್ಯಭಾರ ಮಾಡಿದವರ ಕೈಲಿ ಕೊನೆಗೂ ಒಂದು ಸಹಿ ಹಾಕಿಸಿದೆ! ನಾಳೆ ಕೆಲಸ ಉಳಿಯುತ್ತದೋ ಹೋಗುತ್ತದೋ ನನಗೆ ಗೊತ್ತಿಲ್ಲ. ಹೋದರೆ ಏನು ಮಾಡುವುದೆಂದು ನಿನ್ನಷ್ಟೇ ನನಗೂ ಹೆದರಿಕೆ. ನೋಟೀಸಿಗೆ ಉತ್ತರವನ್ನು ಮಾತ್ರ ನೀನೊಬ್ಬಳೇ ಬರೆಯಬೇಡ. ಇಲ್ಲಿಗೆ ಬಾ, ಕೂತು ಬರೆಯೋಣ.

ಕಾಂತರಾಜ್ ಮೇಷ್ಟರನ್ನು ಜನವರಿಯಿಂದ ಮತ್ತೆ ಕರೆದಿದ್ದಾರೆಂದು ಕೇಳಿ ಸಮಾಧಾನವಾಯಿತು. ಅವರನ್ನೂ ಒಂದು ಸಲ ಕರೆದುಕೊಂಡು ಬಾ. ಲೆಕ್ಕಿಗರ ಮಗನಿಗೆ ನಾನು ಒಂದು ನಮಸ್ಕಾರ ಹೇಳಬೇಕು.

ಸುಮಿತಾಳ ಅರ್ಜಿಗೆ ಇನ್ನೂ ಉತ್ತರ ಬಂದಿಲ್ಲ. ಮೇಲ್ಮನವಿ ಬರೆದೆವು. ಈ ಸಲ ನಾನೇ ಬರೆದೆ. ನಾಲ್ಕು ತಿಂಗಳು ಮುಟ್ಟದ ಪೆನ್ನು, ಮೊದಲು ಶಾಯಿ ಬರಲಿಲ್ಲ, ಕೊಡವಿದರೆ ಸೀನಪ್ಪನ ಬಿಳಿ ಅಂಗಿಗೆ ಹಾರಿತು. “ಬುದ್ದಿ ಸ್ತಿಮಿತಕ್ಕೆ ಬಂದೈತೆ, ಕೈ ಬಂದಿಲ್ಲ” ಅಂದ. ಮರದಡಿ ಇದ್ದವರೆಲ್ಲ ನಕ್ಕರು. ನಾನೂ ನಕ್ಕೆ.

ಪೇಪರಿನಲ್ಲಿ ನಿನ್ನ ಹೇಳಿಕೆ ಬಂದ ದಿನ ಅವನೇ ಅದನ್ನು ಓದಿದ. ಅವತ್ತು ಓದಿದ್ದಕ್ಕಿಂತ ಗಟ್ಟಿಯಾಗಿ, ಮರದ ಕೆಳಗೆ ನಿಂತುಕೊಂಡು, ಎರಡು ಸಲ. ‘ಸ್ವಸ್ಥಚಿತ್ತರು’ ಎಂಬಲ್ಲಿಗೆ ಬಂದಾಗ ನನ್ನ ಬಲಗಿವಿಯ ಹತ್ತಿರ ಬಗ್ಗಿ ಓದಿದ. ನನ್ನ ಕಿವಿಗೆ ಅಷ್ಟು ದಿನದಲ್ಲಿ ಅದೊಂದು ಮಾತು ಪೂರ್ತಿ ಕೇಳಿಸಿತು.

ಮಗಳೇ, ನಿನ್ನ ಮೇಲೆ ಸಿಟ್ಟಿತ್ತು. ಸುಳ್ಳು ಹೇಳುವುದಿಲ್ಲ, ಬಹಳ ಇತ್ತು. ಆದರೆ ಯಾರನ್ನೂ ಕೇಳದೆ ಪೇಪರಿಗೆ ಬರೆದು ನಿನ್ನನ್ನು ಸಿಕ್ಕಿಸಿದವನು ನಾನು. ಕಕ್ಷಿದಾರರನ್ನು ಕೇಳದೆ ಒಂದಕ್ಷರ ಬರೆಯಬಾರದೆಂಬುದು ನಮ್ಮ ಕಸುಬಿನ ಮೊದಲ ಪಾಠ. ಮಗಳ ವಿಷಯಕ್ಕೆ ಬಂದಾಗ ಅದನ್ನು ಮರೆತೆ. ಅಷ್ಟರಮಟ್ಟಿಗೆ ನೀನು ಹೇಳಿದ್ದೂ ಸರಿ, ಬುದ್ಧಿ ಸ್ವಲ್ಪ ಜಾರಿತ್ತು.

ಈಗ ತಪ್ಪಿನ ವಿಷಯ. ಕರಡು ಚೆನ್ನಾಗಿದೆ. ಆದರೆ ಬಿಕ್ಕಲಂ ಹಾಕಿದ ಅವಸರದಲ್ಲಿ ಸಾಕ್ಷಿಗಳನ್ನು ಬಿಟ್ಟಿದ್ದೀಯೆ. ಅಂಥ ಪತ್ರವನ್ನು ನಾನು ಈ ಮೇಜಿನಿಂದ ಎಂದೂ ಎಬ್ಬಿಸಿಲ್ಲ. ಆದ್ದರಿಂದ ನಿನ್ನ ಪ್ರತಿಯನ್ನು ಪೂರ್ತಿ ಮಾಡಿ ಇದರ ಜತೆ ವಾಪಸು ಕಳಿಸಿದ್ದೇನೆ. ಹೆಬ್ಬೆಟ್ಟು ಸ್ವಲ್ಪ ಮಸುಕಾಗಿದೆ, ಬೇಸರ ಮಾಡಬೇಡ. ನಿಮ್ಮಮ್ಮ ನೆನೆಸಿದ ಅವರೆಕಾಳು ಹಿತಕುತ್ತಾ ಕೂತಿದ್ದಳು. ಒತ್ತು ಎಂದ ಕೂಡಲೇ ಕೈ ಕೂಡ ಒರೆಸಿಕೊಳ್ಳದೆ ಒತ್ತಿಬಿಟ್ಟಳು.

ಸಾಕ್ಷಿಗಳು:
1. ಜಯರಾಮಪ್ಪ, ಪತ್ರ ಬರಹಗಾರ, ಬಂಗಾರಪೇಟೆ. ಬರೆದವಳ ತಂದೆ.
2. ಅಮ್ಮಾಜಮ್ಮನ ಹೆಬ್ಬೆಟ್ಟಿನ ಗುರುತು. ಬರೆದವಳ ಮುಖ ನೋಡಿ ಒತ್ತಿದ್ದು.